ಸಸೆಕ್ಸ್‌ನ ಹುಳಿ ದ್ರಾಕ್ಷಿ, ಜತ್ತದಲ್ಲಿ ತೆರೆದ ಬಾಟಲಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ದ್ರಾಕ್ಷಿ. ಥಾಮ್ಸನ್ ತಳಿ, ಸ್ವಲ್ಪ ಮಾಣಿಕ್ ಚಮನ್. ಕಾಯಿ ಹುಳಿ ಇದೆ ಅಂದ್ರೆ ವ್ಯಾಪಾರಿ ಗಾಡಿಯಿಂದ ಇಳಿಯುವುದೂ ಇಲ್ಲ. ಇಂಗ್ಲೆಂಡಿನಲ್ಲಿ ಗುಳ್ಳೆ ಏಳುವ ವೈನ್‌ಗೆ ಹುಳಿ ಬೇಕು ಅಂತಲೇ ದ್ರಾಕ್ಷಿ ಬೆಳೆಯುತ್ತಾರೆ ಎಂದು ಅಳಿಯ ಹೇಳಿದಾಗ ನೋಡಲೇಬೇಕು ಅನಿಸಿತು. ಹೋದ ವರ್ಷ ಸೆಪ್ಟೆಂಬರ್ ಕೊನೆಗೆ ಅಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಕ್ಟೋಬರ್ ಚಾಟ್ನಿಗೆ, ಅಂದ್ರೆ ಬಳ್ಳಿ ಸವರುವ ಕೆಲಸಕ್ಕೆ, ವಾಪಸ್ ಬರಬೇಕಿತ್ತು. ಸಿಕ್ಕ ಒಂದು ಭಾನುವಾರ ಸಸೆಕ್ಸ್‌ನ ಒಂದು ಪುಟ್ಟ ದ್ರಾಕ್ಷಿ ತೋಟಕ್ಕೆ ಹೋದೆವು.

ಗಂಡ ಹೆಂಡತಿ ಇಬ್ಬರೇ ನೋಡಿಕೊಳ್ಳುವ ತೋಟ. ನಮ್ಮ ಹಾಗೆ ಚಪ್ಪರ ಇಲ್ಲ, ತಂತಿಗೆ ಕಟ್ಟಿದ ಬಳ್ಳಿ ಬೇಲಿಯಂತೆ ಸಾಲಾಗಿ ನಿಂತಿದೆ. ನಾವು ಕಾಯಿ ಸುಡಬಾರದೆಂದು ಎಲೆ ಉಳಿಸುತ್ತೇವೆ. ಅವರು ಬಿಸಿಲು ತಾಗಲಿ ಎಂದು ಗೊಂಚಲಿನ ಮುಂದಿನ ಎಲೆ ಕೈಯಲ್ಲೇ ಕೀಳುತ್ತಾರೆ. ಏಪ್ರಿಲ್, ಮೇನಲ್ಲಿ ಚಿಗುರು ಹಿಮಕ್ಕೆ ಕರಕಾಗದಂತೆ ರಾತ್ರಿಯೆಲ್ಲಾ ಸಾಲಿನ ನಡುವೆ ದೊಡ್ಡ ಮೇಣದ ದೀಪ ಹಚ್ಚುತ್ತಾರಂತೆ. ಎಲೆಗೆ ಬೂಷ್ಟು ಹಿಡಿಸುವ ಡಾವಣಿ ರೋಗದ ಕಾಟ ಅಲ್ಲಿಯೂ ಇದೆ. ಅದನ್ನು ಕೇಳಿ ಆ ಯಜಮಾನರು ನಮ್ಮೂರಿನವರೇ ಅನಿಸಿಬಿಟ್ಟರು.

ಶಾರ್ಡನೆ ಎಂಬ ವೈನ್ ತಳಿಯ ಕಾಯಿ ಒಂದು ಕಿತ್ತು ಕೊಟ್ಟರು. ಬಟಾಣಿಗಿಂತ ಸ್ವಲ್ಪ ದೊಡ್ಡದು, ಒಳಗೆ ಬೀಜ. ಕಚ್ಚಿದರೆ ಮೊದಲು ಸಿಹಿ, ಹಿಂದೆಯೇ ದವಡೆ ಜುಮ್ಮೆನ್ನುವ ಹುಳಿ. ಆ ಹುಳಿ ಉಳಿದಿರುವಾಗಲೇ ಕೊಯ್ಲು. ಕೆಳಗೆ ಮಣ್ಣು ಸುಣ್ಣದ್ದು, ಬೂಟಿಗೆ ಬೆಳ್ಳಗೆ ಮೆತ್ತಿಕೊಂಡಿತ್ತು.

ನೆಲಮಾಳಿಗೆಯಲ್ಲಿ ನಾನು ಬಹಳ ಹೊತ್ತು ನಿಂತೆ. ವೈನ್‌ಗೆ ಮತ್ತೆ ಸಕ್ಕರೆ, ಯೀಸ್ಟ್ ಹಾಕಿ ಬಾಟಲಿ ಮುಚ್ಚುತ್ತಾರೆ. ಗುಳ್ಳೆ ಹುಟ್ಟುವುದು ಬಾಟಲಿಯ ಒಳಗೇ. ನಾವು ಕುಡಿದದ್ದು ಮೂರು ವರ್ಷ ಹಾಗೇ ಮಲಗಿತ್ತು. ಆಮೇಲೆ ದಿನಾ ಒಂದಿಷ್ಟು ತಿರುಗಿಸಿ ಒಂದಿಷ್ಟು ಬಾಗಿಸಿ, ವಾರಗಟ್ಟಲೆ ಹೀಗೆ ಮಾಡಿ ಯೀಸ್ಟಿನ ಗಸಿಯನ್ನು ಬಾಟಲಿಯ ಕುತ್ತಿಗೆಗೆ ಇಳಿಸುತ್ತಾರೆ. ಆಯಮ್ಮ ಒಂದನ್ನು ತಲೆಕೆಳಗಾಗಿ ದೀಪಕ್ಕೆ ಹಿಡಿದರು. ಮುಚ್ಚಳದ ಹತ್ತಿರ ಗಂಜಿ ತಳದಂಥ ಬಿಳಿ ಗಸಿ. ಕುತ್ತಿಗೆಯ ಭಾಗ ಮಾತ್ರ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಒತ್ತಡಕ್ಕೆ ಆ ಗಸಿಯ ಮಂಜುಗಡ್ಡೆ ಚಿಮ್ಮಿ ಹೊರಗೆ! 1662ರಲ್ಲೇ ಕ್ರಿಸ್ಟೋಫರ್ ಮೆರೆಟ್ ಎಂಬ ಇಂಗ್ಲಿಷ್ ವಿದ್ವಾಂಸ ಸಕ್ಕರೆ ಹಾಕಿ ವೈನ್ ನೊರೆಗಟ್ಟಿಸುವುದನ್ನು ಬರೆದಿಟ್ಟಿದ್ದಾನೆ ಎಂದು ಅವರು ಹೆಮ್ಮೆಯಿಂದ ಹೇಳಿದರು.

ಬಾಟಲಿಗೆ 36 ಪೌಂಡ್. ಜಾಸ್ತಿಯೇ. ಆದರೆ ಅಷ್ಟು ಕೈಕೆಲಸ ಕಣ್ಣಾರೆ ನೋಡಿದ ಮೇಲೆ ಚೌಕಾಶಿ ಮಾಡಲು ಬಾಯಿ ಬರಲಿಲ್ಲ. ಒಂದೇ ಕೊರತೆ, ರುಚಿ ನೋಡುವಾಗ ಮೂರು ಬಗೆ ಒಟ್ಟಿಗೇ ಸುರಿದುಬಿಟ್ಟರು, ಕೊನೆಯದರ ತಂಪು ಹೋಗಿತ್ತು.

ಒಂದನ್ನು ಊರಿಗೆ ತಂದೆ. ಚಾಟ್ನಿ ಮುಗಿದ ಸಂಜೆ ತೋಟದ ಶೆಡ್ಡಿನಲ್ಲಿ ತೆರೆದೆವು. ಪಕ್ಕದ ತೋಟದ ಹುಡುಗ ಒಂದು ಗುಟುಕು ಕುಡಿದು, ‘ಹುಳಿ ಐತ್ರಿ ಕಾಕಾ, ಆದ್ರ ಇನ್ನೊಂದ್ ಗುಟುಕು ಬೇಕನಸ್ತೈತಿ’ ಅಂದ.

ಮಕ್ಕಳ ಮನೆಗೆ ಹೋಗುವವರು ಸೆಪ್ಟೆಂಬರ್ ಕೊನೆಗೇ ಹೋಗಿ, ಕಾಯಿ ಬಳ್ಳಿಯಲ್ಲಿರುತ್ತದೆ. ಗುಲಾಬಿ ಬಣ್ಣದ ವೈನ್ ಬಿಟ್ಟು ಬರೀ ಶಾರ್ಡನೆಯದನ್ನೇ ತನ್ನಿ. ಗಾಜು ದಪ್ಪ, ಬ್ಯಾಗಿನ ತೂಕ ನೋಡಿಕೊಳ್ಳಿ.