ಲ್ಯಾಡರ್ ಫ್ರೇಮ್ ಪಿಕಪ್‌ನೊಂದಿಗೆ ಆರು ವರ್ಷ

ಗಾಡಿ ಕೊಂಡ ಮೊದಲ ತಿಂಗಳಲ್ಲೇ ನನ್ನನ್ನು ಕಾಡಿದ್ದು ಕ್ಯಾಬಿನ್ನಿಗೂ ಹಿಂದಿನ ಸರಕಿನ ತೊಟ್ಟಿಗೂ ನಡುವಿನ ಸಂದು. ಸಮತಟ್ಟಾದ ನೆಲದಲ್ಲಿ ಎರಡು ಬೆರಳಿನಷ್ಟು ನೇರವಾಗಿರುವ ಆ ಸಂದು, ಎಡಗಡೆಯ ಮುಂಚಕ್ರ ದಿಬ್ಬವೇರಿ ಅದೇ ಬದಿಯ ಹಿಂಚಕ್ರ ಗುಂಡಿಗೆ ಇಳಿದಾಗ ಸೊಟ್ಟಗಾಗುತ್ತದೆ. ಕ್ಯಾಬಿನ್ ಒಂದು ಕಡೆ ವಾಲಿದರೆ ತೊಟ್ಟಿ ಇನ್ನೊಂದು ಕಡೆ ವಾಲುತ್ತದೆ. ಜೋಡಣೆಯ ದೋಷವೆಂದೇ ದೂರು ಕೊಡಲು ಹೊರಟಿದ್ದೆ. ಆದರೆ ಆಮೇಲೆ ತಿಳಿಯಿತು: ಉದ್ದದ ಎರಡು ಉಕ್ಕಿನ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಸೇರಿಸಿದ ಈ ಲ್ಯಾಡರ್ ಫ್ರೇಮ್ ಚಾಸಿ ಏಣಿಯಂತೆಯೇ ತಿರುಚಿಕೊಳ್ಳುತ್ತದೆ, ಆ ತಿರುಚು ತಗಡಿಗೆ ತಗಲಬಾರದೆಂದೇ ಕ್ಯಾಬಿನ್ನನ್ನೂ ತೊಟ್ಟಿಯನ್ನೂ ಬೇರೆ ಬೇರೆಯಾಗಿ ಕೂರಿಸಿದ್ದಾರೆ.

ಹಿಂದೆ ನನ್ನಲ್ಲಿದ್ದ ಸಣ್ಣ ಕಾರು ಮೋನೊಕಾಕ್. ಅದರಲ್ಲಿ ನೆಲ, ಚಾವಣಿ, ಕಂಬಗಳು, ಬಾಗಿಲ ಕೆಳಗಿನ ಪಟ್ಟಿ ಎಲ್ಲವೂ ಒಂದೇ ಗೂಡಾಗಿ ಬೆಸೆದುಕೊಂಡು ಭಾರ ಹೊರುತ್ತಿದ್ದವು. ಮುಚ್ಚಳ ಅಂಟಿಸಿದ ರಟ್ಟಿನ ಡಬ್ಬಿಯನ್ನು ತಿರುಚಲು ನೋಡಿದವರಿಗೆ ಅದರ ಬಿಗಿ ಅರ್ಥವಾದೀತು. ದೇಹವೇ ಭಾರ ಹೊರುವ ಈ ಉಪಾಯವನ್ನು ಇಟಲಿಯ ಲಾಂಚಿಯಾ ಲ್ಯಾಂಬ್ಡಾ ಕಾರು 1922ರಲ್ಲೇ ತೋರಿಸಿತ್ತು.

ಮಳೆಗಾಲದ ಓಡಾಟದ ಬಳಿಕ ಗಾಡಿಯಡಿ ಅಂಗಾತ ಮಲಗಿ, ತೊಲೆಗಳ ತಳದಲ್ಲಿರುವ ನೀರು ಬಸಿಯುವ ರಂಧ್ರಗಳಿಗೆ ತೆಳು ತಂತಿ ತೂರಿಸುವುದು ನನಗೀಗ ಪೂಜೆಯಂತಾಗಿದೆ. ಕಟ್ಟಿಕೊಂಡ ಕೆಸರು ಮೊದಲು ಉಂಡೆಯಾಗಿ ಬೀಳುತ್ತದೆ, ಆಮೇಲೆ ಪೈಪ್ ಹಿಡಿದರೆ ಕಂದು ನೀರು ಸುರಿದು ಕ್ರಮೇಣ ತಿಳಿಯಾಗುತ್ತದೆ. ಅದನ್ನು ನೋಡುವುದೇ ಒಂದು ಸುಖ. ಈ ಕೆಲಸ ತಪ್ಪಿಸಿದರೆ ತೊಲೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ, ಹೊರಗಿನ ಬಣ್ಣ ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಒಮ್ಮೆ ಮರದ ದಿಮ್ಮಿ ಉರುಳಿ ತೊಟ್ಟಿ ನೆಗ್ಗಿದಾಗ, ಬೋಲ್ಟ್ ಬಿಚ್ಚಿ, ಇಳಿಸಿ, ಬಡಿದು ಸರಿಮಾಡಿ ಮತ್ತೆ ಕೂರಿಸಿದರು. ಮೋನೊಕಾಕ್‌ನ ಹಿಂಬದಿಯಾಗಿದ್ದರೆ ಕತ್ತರಿಸಿ ಬೆಸೆಯಬೇಕಾಗುತ್ತಿತ್ತೇನೋ.

ಐದನೆಯ ವರ್ಷ ನನ್ನ ಪ್ರೀತಿ ತಗ್ಗಿತು. ಬ್ರೇಕ್ ಒತ್ತಿದಾಗಲೆಲ್ಲ ಕಾಲಡಿ ಕಿರ್ರೆಂಬ ಶಬ್ದ. ಸರ್ವಿಸ್ ಸೆಂಟರಿನವರು ಎರಡು ಬಾರಿ ಶಾಕ್ ಅಬ್ಸಾರ್ಬರ್ ಬದಲಿಸಿ ಹಣ ಪಡೆದರು; ನಿಜವಾಗಿ ಸವೆದಿದ್ದುದು ಕ್ಯಾಬಿನ್ನಿಗೂ ಚಾಸಿಗೂ ನಡುವಿನ ರಬ್ಬರ್ ಬುಷ್‌ಗಳು. ಚಾಸಿ ನಿಂತ ಮೇಲೆ ಕ್ಯಾಬಿನ್ ಕೂದಲೆಳೆಯಷ್ಟು ತಡವಾಗಿ ನಿಲ್ಲುತ್ತಿರುವುದು ಕೂತವರಿಗೇ ತಿಳಿಯುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು ನನ್ನದೇ: ಭಾರ ಹೊರುವುದಕ್ಕೆಂದು ಗಟ್ಟಿಯಾಗಿಟ್ಟ ಹಿಂದಿನ ಪಟ್ಟೆ ಸ್ಪ್ರಿಂಗುಗಳ ಮೇಲೆ ತಿಂಗಳಲ್ಲಿ ಎರಡೇ ದಿನ ಸರಕು ಹೇರುತ್ತೇನೆ, ಉಳಿದ ದಿನಗಳಲ್ಲಿ ಆ ಉಕ್ಕನ್ನೆಲ್ಲ ಹೊತ್ತು ತಿರುಗಲು ಇಂಧನ ಸುಡುತ್ತೇನೆ. ದಿನವೂ ಹೇರುವವರು ಇಂಥ ಗಾಡಿಯನ್ನು ಕಣ್ಣುಮುಚ್ಚಿ ಖರೀದಿಸಬಹುದು. ನನ್ನ ಮುಂದಿನ ಗಾಡಿ ಮೋನೊಕಾಕ್. ಹೊಸ ಬುಷ್ ಹಾಕಿಸಿ ನಾಲ್ಕು ತಿಂಗಳಾಯಿತು. ಶಬ್ದ ನಿಂತಿದೆ, ಹಂಪ್‌ಗಳ ಮೇಲೆ ಖಾಲಿ ಗಾಡಿ ಕುಪ್ಪಳಿಸುವುದು ನಿಂತಿಲ್ಲ.