ಫೋರ್ಟ್ ಕೊಚ್ಚಿಯ ರೆಸಿಡೆನ್ಸಿ: ಒಂದು ತಿಂಗಳು ನಡೆದು, ಚಿತ್ರ ಬರೆದು ಬಂದೆ

ಸೆಪ್ಟೆಂಬರ್ ತಿಂಗಳು ಪೂರ್ತಿ ಕೇರಳದ ಫೋರ್ಟ್ ಕೊಚ್ಚಿಯ ಒಂದು ಕಲಾವಿದರ ರೆಸಿಡೆನ್ಸಿಯಲ್ಲಿದ್ದೆ, ಅಂದರೆ ಕಲಾವಿದರು ಕೆಲವು ದಿನ ಉಳಿದು ಕೆಲಸ ಮಾಡುವ ಜಾಗದಲ್ಲಿ. ಹೋಗಬೇಕು ಅಂತಿರುವ ಗೆಳೆಯರು ಕೇಳುತ್ತಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಜಾಗದ ಹೆಸರು ಬೇಡ. ಅಲ್ಲಿ ಇಂಥ ಜಾಗಗಳು ಇನ್ನೂ ಇವೆ, ಎಲ್ಲಿಗೆ ಹೋದರೂ ಈ ಮಾತು ಉಪಯೋಗಕ್ಕೆ ಬರುತ್ತದೆ.

ಮೊದಲು ಬೇಜಾರಿನ ವಿಷಯ. ನನಗೆ ಕೊಟ್ಟದ್ದು ಕೆಳಗಿನ ಕೋಣೆ. ಗೋಡೆಯೆಲ್ಲ ತೇವ. 300 ಜಿಎಸ್‌ಎಂನ ದಪ್ಪ ಕಾಗದ ಕೂಡ ಎರಡೇ ದಿನದಲ್ಲಿ ಹಪ್ಪಳದ ಹಾಗೆ ಸುರುಟಿತು. ಮೊದಲ ವಾರ ಊರು ತೋರಿಸಲು ಒಬ್ಬರು ಜೊತೆಗೆ ಬರುತ್ತಾರೆ ಅಂದಿದ್ದರು, ಯಾರೂ ಬರಲಿಲ್ಲ. ನಾಲ್ಕನೇ ದಿನ ಕೇಳಿದಾಗ ಮೇಲಿನ ಕೋಣೆ ಕೊಟ್ಟರು. ಅದು ಒಳ್ಳೆಯದಿತ್ತು, ಬೆಳಗಿನ ಬೆಳಕು ನೇರ ಮೇಜಿನ ಮೇಲೆ ಬೀಳುತ್ತಿತ್ತು.

ಯಾರೂ ಬರಲಿಲ್ಲವಲ್ಲ, ಒಬ್ಬಳೇ ಹೊರಟೆ. ಕಾಲ್ವತ್ತಿಯಿಂದ ಬಜಾರ್ ರೋಡ್ ಹಿಡಿದು ಮಟ್ಟಾಂಚೇರಿಯ ಜ್ಯೂ ಟೌನ್ ತನಕ, ಹೆಜ್ಜೆ ಎಣಿಸಿಕೊಂಡು. ಹತ್ತು ಹೆಜ್ಜೆಗೆ ಕಾಗದದ ಮೇಲೆ ಒಂದು ಸೆಂಟಿಮೀಟರ್ ಅಂತ ಲೆಕ್ಕ ಇಟ್ಟುಕೊಂಡೆ. ಸುಮಾರು 2,000 ಹೆಜ್ಜೆ ಬಂತು, ಅಂದರೆ ಎರಡು ಮೀಟರ್ ಉದ್ದದ ಸುರುಳಿ ಕಾಗದ. ಅದರ ಮೇಲೆ ಒಂದೊಂದೇ ಗೋದಾಮು ಸೇರಿಸುತ್ತಾ ಹೋದೆ. ಎತ್ತರದ ಮರದ ಬಾಗಿಲು, ಗೋಣಿಚೀಲದ ರಾಶಿ, ಅಂಗಳದಲ್ಲಿ ಒಣಹಾಕಿದ ಶುಂಠಿ. ಶುಂಠಿ ವಾಸನೆ ಶುರುವಾಯಿತೆಂದರೆ ಅರ್ಧ ದಾರಿ ಬಂತು ಅಂತ ನನಗೆ ಗೊತ್ತಾಗುತ್ತಿತ್ತು.

ಮೀನು ಹಿಡಿಯುವ ಚೀನೀ ಬಲೆಗಳು, 1503ರಲ್ಲಿ ಶುರುವಾದ ಸೇಂಟ್ ಫ್ರಾನ್ಸಿಸ್ ಚರ್ಚ್, 1568ರ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಎಲ್ಲವನ್ನೂ ಒಂದೊಂದು ಸಲ ಬರೆದೆ. ಆದರೆ ಮತ್ತೆ ಮತ್ತೆ ಹೋದದ್ದು ವೆಳಿಯ ಧೋಬಿ ಖಾನಾಕ್ಕೆ. ತಮಿಳು ಮಾತಾಡುವ ವಣ್ಣಾನ್ ಜನ ತಲೆಮಾರುಗಳಿಂದ ಬಟ್ಟೆ ಒಗೆಯುವ ಜಾಗ ಅದು. ಮೊದಲ ದಿನ ರೂಢಿಯಂತೆ ಹಗ್ಗದ ಮೇಲೆ ಕ್ಲಿಪ್ ಬರೆದುಬಿಟ್ಟೆ. ಹತ್ತಿರ ಹೋಗಿ ನೋಡಿದರೆ ಅಲ್ಲಿ ಒಂದೂ ಕ್ಲಿಪ್ ಇಲ್ಲ. ಎರಡು ಹುರಿ ಸೇರಿಸಿ ಹೊಸೆದ ಹಗ್ಗ, ಆ ಹುರಿಗಳ ನಡುವೆ ಬಟ್ಟೆಯ ಅಂಚು ಸಿಕ್ಕಿಸುತ್ತಾರೆ ಅಷ್ಟೇ. ಎಷ್ಟು ಗಾಳಿ ಬಂದರೂ ಬೀಳುವುದಿಲ್ಲ. ಕ್ಲಿಪ್ ಎಲ್ಲ ಅಳಿಸಿ, ಬರೀ ಹಗ್ಗದ ಆ ಒಂದು ಹಿಡಿತವನ್ನು ಬರೆಯಲು ಮೂರು ಬೆಳಿಗ್ಗೆ ಹಿಡಿಯಿತು. ಇಡೀ ತಿಂಗಳಲ್ಲಿ ನನಗೆ ತುಂಬಾ ಇಷ್ಟವಾದ ಚಿತ್ರ ಅದೇ.

ಇನ್ನೊಂದು ಖುಷಿ ಚೆರ್ಲಾಯಿಯದು, ಮಟ್ಟಾಂಚೇರಿಯ ಕೊಂಕಣಿ ಜನರ ಕೇರಿ ಅದು. ನಮ್ಮದು ಕುಮಟಾ, ಮನೆಮಾತು ಕೊಂಕಣಿ. ಅಲ್ಲಿನ ಗುಡಿಯ ಹತ್ತಿರ ಕೂತು ಬರೆಯುತ್ತಿದ್ದಾಗ ಅಜ್ಜಿಯೊಬ್ಬರು ಕೊಂಕಣಿಯಲ್ಲೇ ಮಾತಾಡಿಸಿದರು. ಕುಮಟಾ ಅಂದ ಕೂಡಲೇ ಕಾಫಿ ಬಂತು! ಅವರ ಕೊಂಕಣಿಯಲ್ಲಿ ಮಲಯಾಳಂ ಎಳೆತ, ನನ್ನದರಲ್ಲಿ ಕನ್ನಡ. ಆದರೂ ಒಂದು ಗಂಟೆ ಮಾತಾಡಿದೆವು. ಆಮೇಲೆ ಆ ಬೀದಿಯ ಮನೆಗಳನ್ನು ಬರೆಯುವುದು ಬೇರೆಯೇ ಥರ ಆಯಿತು.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ತೇವಕ್ಕೆ ಮತ್ತು ಬಾರದ ಜೊತೆಗಾರರಿಗೆ. ಊಟ ನಾವೇ ನೋಡಿಕೊಳ್ಳಬೇಕು, ಸಮಯಕ್ಕೆ ಮಾತ್ರ ಯಾರೂ ಲೆಕ್ಕ ಕೇಳುವುದಿಲ್ಲ. ಹೋಗುವವರು ಮೊದಲೇ ಮೇಲಿನ ಕೋಣೆ ಕೇಳಿ. ನೀರಿಗೆ ಹರಡದ ಶಾಯಿಯ ಪೆನ್ನು ಮತ್ತು ಕಾಗದ ಇಡಲು ಜಿಪ್ ಇರುವ ಪ್ಲಾಸ್ಟಿಕ್ ಕವರ್ ಮರೆಯಬೇಡಿ. ಧೋಬಿ ಖಾನಾಕ್ಕೆ ಬೆಳಿಗ್ಗೆ ಬೇಗ ಹೋಗಿ, ಕೂರುವ ಮುಂಚೆ ಒಂದು ಮಾತು ಕೇಳಿ.