ದಿನವಿಡೀ ಕನ್ನಡ ಬರೆಯುವವರಿಗೆ ಯಾವ ಲಿನಕ್ಸ್? ಫೆಡೋರಾ, ಉಬುಂಟು, ಮಿಂಟ್, ಡೆಬಿಯನ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಪ್ರೊಸೆಸರ್ ಕೂಡ ಹೊಸದೇ ಇರಬೇಕು. ಹೀಗಾಗಿ ಚೆನ್ನಾಗಿ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಮೂಲೆ ಸೇರುತ್ತಿವೆ. 4 ಜಿಬಿ ರ‍್ಯಾಮ್ ಇರುವ ಅಂಥದೊಂದು ನನ್ನ ಹತ್ತಿರವೂ ಇದೆ. ಅದಕ್ಕೆ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲಿಗೆ ಬಳಸಬಹುದಾದ ಮುಕ್ತ ವ್ಯವಸ್ಥೆಯಾದ ಲಿನಕ್ಸಿನ ನಾಲ್ಕು ಬಗೆಗಳನ್ನೂ (ಫೆಡೋರಾ, ಉಬುಂಟು, ಮಿಂಟ್, ಡೆಬಿಯನ್) ಒಂದಾದ ಮೇಲೊಂದರಂತೆ ಹಾಕಿಕೊಂಡು ಕೆಲಸ ಮಾಡಿ ನೋಡಿದೆ. ನನ್ನ ಕೆಲಸವೆಂದರೆ ಕನ್ನಡ ಟೈಪಿಂಗ್, ಕರಡು ತಿದ್ದುವುದು, ಪಿಡಿಎಫ್ ಮಾಡುವುದು. ಗೇಮ್ ಆಡುವವರ ಲೆಕ್ಕಾಚಾರ ಬೇರೆಯೇ ಇರುತ್ತದೆ.

ಕನ್ನಡ ಅಕ್ಷರ ಮೂಡುವುದರಲ್ಲಿ ನಾಲ್ಕಕ್ಕೂ ವ್ಯತ್ಯಾಸವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒತ್ತಕ್ಷರಗಳನ್ನು ಜೋಡಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಲಿಬ್ರೆ ಆಫೀಸ್ ಬಳಸುವುದೂ ಅದನ್ನೇ, ಫೈರ್‌ಫಾಕ್ಸ್ ಬಳಸುವುದೂ ಅದನ್ನೇ. 'ಸ್ವಾತಂತ್ರ್ಯ', 'ಕರ್ತೃ', 'ರ‍್ಯಾಂಕ್' ಎಲ್ಲ ಕಡೆಯೂ ಸರಿಯಾಗಿಯೇ ಬಂದವು. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಬೇಕಾದ ಕಗಪ ಕೀಲಿ ವಿನ್ಯಾಸ ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲೇ ಇದೆ, ಬೇರೇನೂ ಇಳಿಸಿಕೊಳ್ಳಬೇಕಿಲ್ಲ. ಎಫ್ ಒತ್ತಿದರೆ ಹಲಂತ, ಎಕ್ಸ್ ಒತ್ತಿದರೆ ಷ. ಕೆ, ಎಫ್, ಎಕ್ಸ್ ಸಾಲಾಗಿ ಒತ್ತಿದರೆ ಕ್ಷ. ಒಂದು ತೊಡಕಿದೆ: ಪದದ ಮೊದಲಿಗೆ ಇ, ಉ, ಎ ಬಂದರೆ ಬಲಗಡೆಯ ಆಲ್ಟ್ ಕೀಯನ್ನೂ ಹಿಡಿಯಬೇಕು. ಅದು ಬೇಡವೆನ್ನುವವರು ಐಬಸ್ ಎಂಬ ಟೈಪಿಂಗ್ ಸಲಕರಣೆಯ ಜೊತೆ ಎಂ17ಎನ್ ಎಂಬ ಕೀಲಿ ವಿನ್ಯಾಸಗಳ ಕಟ್ಟನ್ನು ಹಾಕಿಕೊಳ್ಳಬಹುದು. ಅದರಲ್ಲೂ ಕಗಪ ಇದೆ, ನಾನು ಬಳಸುವುದು ಅದನ್ನೇ. ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬರೆದ ಕಡತಗಳನ್ನು ಮಾತ್ರ ಯಾವುದನ್ನೇ ಹಾಕಿಕೊಂಡರೂ ಮೊದಲು ಯೂನಿಕೋಡ್‌ಗೆ ಬದಲಾಯಿಸಲೇಬೇಕು.

ಹಾಗಾದರೆ ಆಯ್ಕೆ ನಿಂತಿರುವುದು ಯಾವುದರ ಮೇಲೆ? ಹಳೆಯ ಯಂತ್ರಕ್ಕೆ ಎಷ್ಟು ಹಗುರ, ಎಷ್ಟು ಸಲ ಬದಲಾಗುತ್ತದೆ ಎಂಬುದರ ಮೇಲೆ.

ಫೆಡೋರಾದಲ್ಲಿ ಎಲ್ಲವೂ ಹೊಸದು. ಗ್ನೋಮ್ ಡೆಸ್ಕ್‌ಟಾಪ್ ಅಚ್ಚುಕಟ್ಟಾಗಿದೆ. ಟೈಪಿಂಗ್ ಬೂಸ್ಟರ್ ಎಂಬ ಸಲಕರಣೆ ಅರ್ಧ ಪದ ಬರೆದಾಗಲೇ ಮುಂದಿನದನ್ನು ಸೂಚಿಸುತ್ತದೆ, ಕನ್ನಡಕ್ಕೂ ಸಿಗುತ್ತದೆ. ಆದರೆ ಆರು ತಿಂಗಳಿಗೊಂದು ಹೊಸ ಆವೃತ್ತಿ, ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳ ಬೆಂಬಲ. ಪುಸ್ತಕವೊಂದರ ಕರಡು ಕೈಯಲ್ಲಿರುವಾಗ ಇಡೀ ವ್ಯವಸ್ಥೆಯನ್ನೇ ಮೇಲೇರಿಸುವ ಕೆಲಸ ನನಗೆ ಬೇಡ.

ಉಬುಂಟು 2004ರಲ್ಲಿ ಬಂದಾಗಿನಿಂದ ಲಿನಕ್ಸನ್ನು ಮನೆಮನೆಗೆ ತಲುಪಿಸಿದ್ದು ಸಣ್ಣ ಕೆಲಸವೇನಲ್ಲ. ಎಲ್‌ಟಿಎಸ್ ಎಂಬ ದೀರ್ಘ ಬಾಳಿಕೆಯ ಆವೃತ್ತಿಗೆ ಐದು ವರ್ಷದ ಬೆಂಬಲವಿದೆ, ಏನೇ ಸಮಸ್ಯೆ ಬಂದರೂ ಹುಡುಕಿದರೆ ಉತ್ತರ ಸಿಗುತ್ತದೆ. ಆದರೆ ಅದರ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ರೂಪದಲ್ಲಿ. ಸ್ನ್ಯಾಪ್ ಎಂದರೆ ಅದುಮಿಟ್ಟ ಒಂದು ಕಡತ, ಅದನ್ನು ಬಿಡಿಸಿಕೊಂಡು ಓಡಬೇಕು. ಹೊಸ ಯಂತ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ. 4 ಜಿಬಿಯ ಹಳೆಯದರಲ್ಲಿ ಕಂಪ್ಯೂಟರ್ ಆನ್ ಮಾಡಿ ಮೊದಲ ಸಲ ಬ್ರೌಸರ್ ತೆರೆಯುವಾಗ ಕಾಯುವುದು ಗೊತ್ತಾಗುತ್ತದೆ.

ನಿಜವಾದ ಪೈಪೋಟಿ ಇದ್ದದ್ದು ಮಿಂಟ್‌ಗೂ ಡೆಬಿಯನ್‌ಗೂ.

ಮಿಂಟ್ ನಿಂತಿರುವುದು ಉಬುಂಟು ಎಲ್‌ಟಿಎಸ್ ಮೇಲೆಯೇ, ಆದರೆ ಸ್ನ್ಯಾಪ್ ಅನ್ನು ಹೊರಗಿಟ್ಟಿದೆ. ಸಿನ್ನಮನ್ ಡೆಸ್ಕ್‌ಟಾಪ್‌ನಲ್ಲಿ ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ. ವಿಂಡೋಸ್ ಬಿಟ್ಟು ಬಂದವರು ಏನನ್ನೂ ಹುಡುಕಾಡಬೇಕಿಲ್ಲ. ಅಪ್‌ಡೇಟ್ ಹಾಕುವ ಮೊದಲು ಟೈಮ್‌ಶಿಫ್ಟ್‌ನಲ್ಲಿ ವ್ಯವಸ್ಥೆಯ ನಕಲು ತೆಗೆದಿಟ್ಟರೆ, ಏನಾದರೂ ಕೆಟ್ಟರೂ ಹಿಂದಿನ ಸ್ಥಿತಿಗೆ ಮರಳಬಹುದು. ವಿಡಿಯೊ ಓಡಿಸಲು ಬೇಕಾದ ಕೋಡೆಕ್‌ಗಳನ್ನು ಇನ್‌ಸ್ಟಾಲ್ ಮಾಡುವಾಗಲೇ ಒಂದು ಟಿಕ್ ಹಾಕಿ ಪಡೆಯಬಹುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಆದರೂ ನನ್ನ ಯಂತ್ರದಲ್ಲಿ ಉಳಿದದ್ದು ಡೆಬಿಯನ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಜೊತೆಗೆ. ಏನೂ ತೆರೆಯದೆ ಸುಮ್ಮನೆ ಬಿಟ್ಟರೆ ಒಂದು ಜಿಬಿಯೊಳಗೇ ಇರುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ: 2023ರ ಜೂನ್‌ನಲ್ಲಿ 12, 2025ರ ಆಗಸ್ಟ್‌ನಲ್ಲಿ 13. ನಡುವೆ ಬರುವುದೆಲ್ಲ ಬಹುಮಟ್ಟಿಗೆ ಭದ್ರತೆಯ ತಿದ್ದುಪಡಿಗಳೇ. ಇವತ್ತು ಇದ್ದ ಬಟನ್ ನಾಳೆಯೂ ಅಲ್ಲೇ ಇರುತ್ತದೆ. ಕನ್ನಡ ಫಾಂಟ್‌ಗಳ ಒಂದು ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಒಟ್ಟಿಗೆ ಬರುತ್ತವೆ. ಟೆಸರಾಕ್ಟ್ ಓಸಿಆರ್‌ನ ಕನ್ನಡ ದತ್ತಾಂಶವೂ ಅದರ ಭಂಡಾರದಲ್ಲೇ ಇದೆ. ಸ್ಕ್ಯಾನ್ ಮಾಡಿದ ಹಳೆಯ ಪುಟಗಳನ್ನು ಪಠ್ಯವಾಗಿಸುವವರಿಗೆ ಇದು ದೊಡ್ಡ ಉಪಕಾರ.

ಇನ್ನೊಂದು ಕಾರಣ ನನಗೆ ಮನಸ್ಸಿಗೆ ಹತ್ತಿರವಾದದ್ದು. 1993ರಲ್ಲಿ ಶುರುವಾದ ಡೆಬಿಯನ್‌ಗೆ ಯಾವ ಕಂಪನಿಯೂ ಒಡೆಯನಲ್ಲ, ನಡೆಸುವವರು ಸ್ವಯಂಸೇವಕರು. ಮೊದಲೆಲ್ಲ ವೈಫೈ ಓಡಲು ಬೇಕಾದ ಮುಕ್ತವಲ್ಲದ ಫರ್ಮ್‌ವೇರ್ (ಯಂತ್ರದ ಬಿಡಿಭಾಗಗಳೊಳಗೆ ಓಡುವ ತಂತ್ರಾಂಶ) ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇರುತ್ತಿರಲಿಲ್ಲ, ಬೇರೆಯಾಗಿ ಹುಡುಕಿ ತರಬೇಕಿತ್ತು. ಸೇರಿಸಬೇಕೇ ಬೇಡವೇ ಎಂದು 2022ರಲ್ಲಿ ಅವರು ಮತ ಹಾಕಿ ನಿರ್ಧರಿಸಿದರು. 12ನೇ ಆವೃತ್ತಿಯಿಂದ ಅದು ಒಳಗೇ ಬರುತ್ತಿದೆ. ನಾನು ದಿನವೂ ಬಳಸುವ ವ್ಯವಸ್ಥೆ ಹೀಗೆ ಎಲ್ಲರೆದುರು ಚರ್ಚಿಸಿ ನಡೆಯುತ್ತದೆ ಎಂಬುದು ನನಗೆ ತುಂಬ ಮುಖ್ಯ.

ಹಾಕಿಕೊಳ್ಳುವವರಿಗೆ ಒಂದೆರಡು ಮಾತು. ಡೆಬಿಯನ್ ಇನ್‌ಸ್ಟಾಲರ್ ರೂಟ್ ಎಂಬ ಮುಖ್ಯ ನಿರ್ವಾಹಕ ಖಾತೆಯ ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಡಿ. ಆಗ ನಿಮ್ಮ ಖಾತೆಗೇ ಸುಡೊ, ಅಂದರೆ ನಿರ್ವಾಹಕರ ಅಧಿಕಾರ ಸಿಗುತ್ತದೆ, ಇಲ್ಲದಿದ್ದರೆ ಅದನ್ನು ಆಮೇಲೆ ನೀವೇ ಸೇರಿಸಿಕೊಳ್ಳಬೇಕು. 32 ಬಿಟ್‌ನ ತೀರಾ ಹಳೆಯ ಯಂತ್ರವಾದರೆ 12ಕ್ಕೇ ನಿಲ್ಲಬೇಕು, 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ. ಯಾವುದನ್ನೇ ಆರಿಸಿದರೂ ಮೊದಲು ಇನ್‌ಸ್ಟಾಲ್ ಮಾಡದೆಯೇ ಓಡುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ವೈಫೈ, ಸೌಂಡ್, ಪ್ರಿಂಟರ್ ಓಡುತ್ತವೆಯೇ ನೋಡಿ. ಲ್ಯಾಪ್‌ಟಾಪ್‌ನ ಮುಚ್ಚಳ ಮುಚ್ಚಿ, ಮತ್ತೆ ತೆರೆದು, ಎಚ್ಚರಗೊಳ್ಳುತ್ತದೆಯೇ ಎಂದೂ ಪರೀಕ್ಷಿಸಿ. ಪ್ರಿಂಟರ್ ಡ್ರೈವರ್ ಸಿಗದೆ ಪರದಾಡಿದವರನ್ನು ಕಂಡಿದ್ದೇನೆ, ಡಿಸ್ಕ್ ಅಳಿಸುವ ಮೊದಲೇ ಗೊತ್ತಾದರೆ ಒಳ್ಳೆಯದು.